ಅಪ್ಪನ ಎರಡು ಬೆರಳು

5 ಮಾರ್ಚ್ 2025, ಬುಧವಾರ, ಮಂಗಳೂರು

ಇವತ್ತಿನಿಂದ ಲೆಂಟ್. ಬೆಳಿಗ್ಗೆಯೇ ಸಭಾಪಾಲಕರ ಫೋನ್. ಗರಿಗಳ ಭಾನುವಾರಕ್ಕೆ ಮುಂಚೆ ಯುವಜನ ಕೂಟದಲ್ಲಿ ನಾನು ಒಂದು ಗಂಟೆ ಮಾತಾಡಬೇಕಂತೆ. “ಪ್ರಸಂಗ ನಾನು ಮಾಡ್ತೇನೆ ಟೀಚರ್. ಸತ್ತವರು ಏಳ್ತಾರೆ ಅನ್ನುವ ನಂಬಿಕೆ ಎಲ್ಲಿಂದ ಬಂತು, ಅದರ ಚರಿತ್ರೆ ನೀವು ಹೇಳಿ.” ಒಪ್ಪಿಕೊಂಡೆ. ಕಾಲೇಜು ಬಿಟ್ಟ ಮೇಲೆ ಚರಿತ್ರೆ ಕೇಳುವವರೇ ಸಿಕ್ಕಿರಲಿಲ್ಲ.

ಮಧ್ಯಾಹ್ನ ಬೆಂಗಳೂರಿನಿಂದ ಅಣ್ಣ ಮಾತಾಡಿದ. ತಾನು ಸತ್ತರೆ ಹೂಳುವುದೂ ಬೇಡ, ಸುಡುವುದೂ ಬೇಡ, ಮೆಡಿಕಲ್ ಕಾಲೇಜಿಗೆ ಕೊಟ್ಟುಬಿಡಿ, ದೇಹದಾನದ ಫಾರಂ ತರಿಸಿದ್ದೇನೆ ಅಂದ. ಸ್ಪೀಕರ್ ಹಾಕಿದ್ದರಿಂದ ಅಕ್ಕನಿಗೂ ಕೇಳಿತು. “ಅಪ್ಪ ಎದ್ದು ಬಂದು ಮಗ ಎಲ್ಲಿ ಅಂತ ಕೇಳಿದರೆ ನಾನು ಏನು ಹೇಳುವುದು?” ಎಂದು ಅಲ್ಲಿಂದಲೇ ಕೂಗಿದಳು. ಅಣ್ಣ ನಕ್ಕ. ಅಕ್ಕ ನಗಲಿಲ್ಲ. ಎಂಬತ್ತು ದಾಟಿದವಳಿಗೆ ಇದು ತಮಾಷೆಯಲ್ಲ, ಮುಂದಿನ ವಿಳಾಸದ ಪ್ರಶ್ನೆ.

ಅವಳ ಲೆಕ್ಕದಲ್ಲಿ ಅಪ್ಪ ಏಳುವಾಗ ಹತ್ತು ಬೆರಳೂ ಇರುತ್ತವೆ. ಅಪ್ಪ ಹೆಂಚಿನ ಕಾರ್ಖಾನೆಯಲ್ಲಿ ಪ್ರೆಸ್ಸಿನ ಮುಂದೆ ನಿಂತು ನಮ್ಮನ್ನು ಸಾಕಿದವರು. ಬಲಗೈಯ ತೋರುಬೆರಳು, ನಡುಬೆರಳು ಆ ಪ್ರೆಸ್ಸಿಗೇ ಹೋದವು. ಪರಿಹಾರ ಅಂತ ಸಿಕ್ಕಿದ್ದು ಕೆಲವು ದಿನಗಳ ರಜೆ.

9 ಮಾರ್ಚ್, ಭಾನುವಾರ

ಆರಾಧನೆಯಲ್ಲಿ ವಿಶ್ವಾಸ ಪ್ರಮಾಣ ಹೇಳುವಾಗ ಇವತ್ತು ಕಿವಿಗೊಟ್ಟು ಹೇಳಿದೆ. ನೈಸೀಯ ಸಭೆಗೆ ಈ ವರ್ಷ 1700 ತುಂಬುತ್ತದೆ. 325ರಲ್ಲಿ ಬಿಷಪರು ಒಪ್ಪಿದ ಮೂಲ ಪಾಠದಲ್ಲಿ ಸತ್ತವರ ಪುನರುತ್ಥಾನದ ಮಾತಿಲ್ಲ. ಅದು ಬಂದದ್ದು 381ರ ಕಾನ್‌ಸ್ಟಾಂಟಿನೋಪಲಿನ ಪಾಠದಲ್ಲಿ. ಅಪೊಸ್ತಲರ ಪ್ರಮಾಣ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಶರೀರವನ್ನೇ ಹಿಡಿಯುತ್ತದೆ. ನಮ್ಮ ಸಭೆಯ ಬಹುಪಾಲು ಜನರನ್ನು ಕೇಳಿದರೆ, ಸತ್ತ ಕೂಡಲೇ ಆತ್ಮ ಸ್ವರ್ಗಕ್ಕೆ ಹೋಗುತ್ತದೆ, ಅಲ್ಲಿಗೆ ಕಥೆ ಮುಗಿಯಿತು ಅನ್ನುತ್ತಾರೆ. ಹಾಗಿದ್ದರೆ ಪ್ರತಿ ವಾರ ಎದ್ದು ನಿಂತು ಶರೀರದ ಮಾತು ಯಾಕೆ ಹೇಳುತ್ತೇವೆ? ಆತ್ಮಕ್ಕೆ ಸಾವಿಲ್ಲ ಅನ್ನುವುದು ಗ್ರೀಕರಿಗೂ ಗೊತ್ತಿತ್ತು, ನಮ್ಮ ನೆರೆಹೊರೆಗೂ ಗೊತ್ತು. ಇಲ್ಲಿಯ ಹಠ ಬೇರೆ: ಇದೇ ಮೈ, ಇದೇ ಮನುಷ್ಯ, ಇನ್ನೊಮ್ಮೆ.

14 ಮಾರ್ಚ್, ಶುಕ್ರವಾರ

ನಮ್ಮ ಬೈಬಲಿನಲ್ಲಿ ಮಕ್ಕಬಿಯರ ಪುಸ್ತಕಗಳಿಲ್ಲ. ಎದುರುಮನೆಯ ಕಥೋಲಿಕ ಬಾಯಿಯವರಿಂದ ಅವರ ಬೈಬಲ್ ಕೇಳಿ ತಂದೆ. ಪುಟಗಳ ನಡುವೆ ಹೋದ ವರ್ಷದ ಗರಿ ಒಣಗಿ ಕೂತಿದೆ.

ಇಸ್ರೇಲರ ಹಳೆಯ ಕಾಲದವರಿಗೆ ಸತ್ತವರ ಬಗ್ಗೆ ದೊಡ್ಡ ಆಸೆಯೇನೂ ಇರಲಿಲ್ಲ. ಸತ್ತವರು ಪಾತಾಳಕ್ಕೆ ಇಳಿಯುತ್ತಾರೆ. ಅಲ್ಲಿ ಸ್ತುತಿಯಿಲ್ಲ, ಲೆಕ್ಕವಿಲ್ಲ, ರಾಜನೂ ಒಂದೇ ಆಳೂ ಒಂದೇ. ಪ್ರಸಂಗಿಯಂತೂ ಮನುಷ್ಯನ ಸಾವಿಗೂ ದನದ ಸಾವಿಗೂ ಏನು ವ್ಯತ್ಯಾಸ ಎಂದು ಕೇಳಿಬಿಟ್ಟಿದ್ದಾನೆ. ಎಹೆಜ್ಕೇಲನ ಒಣ ಎಲುಬುಗಳ ಕಣಿವೆ ಕೂಡ ಮೊದಲಿಗೆ ಹೇಳಿದ್ದು ಬಾಬಿಲೋನಿನಲ್ಲಿ ಸೆರೆಯಾಗಿದ್ದ ಜನಾಂಗದ ಕಥೆಯನ್ನು, ಒಬ್ಬೊಬ್ಬ ಸತ್ತವನ ಕಥೆಯನ್ನಲ್ಲ. ದೀರ್ಘಾಯುಸ್ಸು, ಮಕ್ಕಳು, ಹಿರಿಯರ ಪಕ್ಕದಲ್ಲಿ ಗೋರಿ, ಇಷ್ಟು ಸಿಕ್ಕಿದರೆ ದೇವರ ಲೆಕ್ಕ ಚುಕ್ತಾ.

ಆ ಲೆಕ್ಕ ತಪ್ಪಿದ್ದು ಕ್ರಿಸ್ತಪೂರ್ವ 167ರ ಸುಮಾರಿಗೆ. ಅವರನ್ನು ಆಳುತ್ತಿದ್ದ ಅರಸ ನಾಲ್ಕನೆಯ ಆಂಟಿಯೋಕಸ್ ಯೆಹೂದ್ಯರ ಧರ್ಮಾಚರಣೆಗೆ ನಿಷೇಧ ಹಾಕಿದ. ಧರ್ಮಶಾಸ್ತ್ರ ಪಾಲಿಸಿದವರು ಸತ್ತರು, ಬಿಟ್ಟುಕೊಟ್ಟವರು ಉಳಿದರು. ನೀತಿವಂತನಿಗೆ ದೀರ್ಘಾಯುಸ್ಸು ಅನ್ನುವ ಮಾತು ಇಲ್ಲಿ ಪೂರ್ತಿ ತಲೆಕೆಳಗಾಯಿತು. ಮಣ್ಣಿನಲ್ಲಿ ಮಲಗಿದವರು ಏಳುತ್ತಾರೆ, ಕೆಲವರು ಗೌರವಕ್ಕೆ, ಕೆಲವರು ಅವಮಾನಕ್ಕೆ ಎಂದು ದಾನಿಯೇಲನ ಪುಸ್ತಕ ಬಿಚ್ಚಿ ಹೇಳಿದ್ದು ಆ ರಕ್ತದ ನಡುವೆ ಎಂದು ವಿದ್ವಾಂಸರಲ್ಲಿ ಹೆಚ್ಚಿನವರ ಅಭಿಪ್ರಾಯ.

ಮಕ್ಕಬಿಯರ ಎರಡನೆಯ ಪುಸ್ತಕದ ಏಳನೆಯ ಅಧ್ಯಾಯ ಓದಿ ಮುಗಿಸುವಷ್ಟರಲ್ಲಿ ಒಲೆಯ ಮೇಲಿನ ಗಂಜಿ ಉಕ್ಕಿ ಹೋಗಿತ್ತು. ಏಳು ಮಂದಿ ಅಣ್ಣತಮ್ಮಂದಿರು, ಅವರ ತಾಯಿ. ಹಂದಿಮಾಂಸ ತಿನ್ನಿರಿ ಎಂದು ರಾಜನ ಹಿಂಸೆ. ಮೂರನೆಯವನ ಸರದಿ ಬಂದಾಗ ಅವನು ಎರಡೂ ಕೈಗಳನ್ನು ತಾನಾಗಿಯೇ ಮುಂದೆ ಚಾಚುತ್ತಾನೆ. ಇವು ದೇವರು ಕೊಟ್ಟವು, ಅವನಿಂದಲೇ ಇವನ್ನು ಮತ್ತೆ ಪಡೆಯುತ್ತೇನೆ ಅನ್ನುವ ಅರ್ಥದ ಮಾತಾಡುತ್ತಾನೆ.

ಕೈ ಮತ್ತೆ ಬೇಕು ಅನ್ನುತ್ತಿದ್ದಾನೆ ಹುಡುಗ. ಆತ್ಮಕ್ಕೆ ಸುಖ ಸಿಕ್ಕಿದರೆ ಸಾಕು ಅನ್ನುತ್ತಿಲ್ಲ. ಕಡಿದದ್ದು ಕೈಯನ್ನು, ಹಾಗಾಗಿ ಕೈಯೇ ವಾಪಸು ಬರಬೇಕು. ಈ ನಂಬಿಕೆ ಹುಟ್ಟಿದ್ದು ಸಾವಿನ ಭಯದಿಂದ ಎಂದು ಎಷ್ಟೋ ಕಡೆ ಓದಿದ್ದೇನೆ. ನನಗೆ ಹಾಗೆ ತೋರುವುದಿಲ್ಲ. ಇದರ ಬುಡದಲ್ಲಿರುವುದು ಸಿಟ್ಟು.

16 ಮಾರ್ಚ್, ಭಾನುವಾರ

ಸದ್ದುಕಾಯರ ಬಗ್ಗೆ ಟಿಪ್ಪಣಿ ಮಾಡಿದೆ. ದೇವಾಲಯದ ಯಾಜಕ ಮನೆತನಗಳು, ಆಸ್ತಿವಂತರು, ರೋಮಿನ ಅಧಿಕಾರಿಗಳ ಜೊತೆ ಹೊಂದಿಕೊಂಡು ಹೋದವರು. ಪುನರುತ್ಥಾನ ಇಲ್ಲ ಅನ್ನುತ್ತಿದ್ದವರು ಇವರೇ. ಉಂಡುಟ್ಟು ಸುಖವಾಗಿದ್ದವರಿಗೆ ಎರಡನೆಯ ವಿಚಾರಣೆ ಯಾಕೆ ಬೇಕು? ಕ್ರಿ.ಶ. 70ರಲ್ಲಿ ದೇವಾಲಯ ಸುಟ್ಟುಹೋಯಿತು, ಅದರೊಂದಿಗೆ ಅವರೂ ಚರಿತ್ರೆಯಿಂದ ಹೋದರು. ಪುನರುತ್ಥಾನ ಉಂಟು ಅನ್ನುತ್ತಿದ್ದ ಫರಿಸಾಯರ ಮಾತು ಉಳಿಯಿತು, ಯೆಹೂದ್ಯರ ದಿನನಿತ್ಯದ ಪ್ರಾರ್ಥನೆಯೊಳಗೇ ಸೇರಿತು.

ಯೇಸುವನ್ನು ಸಿಕ್ಕಿಸಲು ಇವರು ಒಡ್ಡಿದ ಪ್ರಶ್ನೆ ಎಲ್ಲರಿಗೂ ಗೊತ್ತು. ಏಳು ಮಂದಿ ಅಣ್ಣತಮ್ಮಂದಿರು ಒಬ್ಬರಾದ ಮೇಲೆ ಒಬ್ಬರು ಒಬ್ಬಳನ್ನೇ ಮದುವೆಯಾಗಿ ಸತ್ತರು, ಪುನರುತ್ಥಾನದಲ್ಲಿ ಅವಳು ಯಾರ ಹೆಂಡತಿ? ಆ ಹೆಂಗಸಿಗೆ ಯಾರು ಬೇಕು, ಅಥವಾ ಯಾರೂ ಬೇಡವೋ, ಎಂದು ಕೇಳುವ ಯೋಚನೆ ಆ ಪಂಡಿತರಲ್ಲಿ ಒಬ್ಬನಿಗೂ ಬರಲಿಲ್ಲ.

20 ಮಾರ್ಚ್, ಗುರುವಾರ

ಈ ವರ್ಷ ರಂಜಾನೂ ಲೆಂಟೂ ಒಟ್ಟಿಗೆ ಬಂದಿವೆ. ಹಿಂದೆ ಬಾಟನಿ ವಿಭಾಗದಲ್ಲಿದ್ದ ಹಾಜಿಯವರ ಮನೆಯಲ್ಲಿ ಇಫ್ತಾರ್. ಖರ್ಜೂರ, ತರಿ ಗಂಜಿ, ಆಮೇಲೆ ಪತ್ತಿರ್, ಕೋಳಿ ಸಾರು. ನನ್ನ ಭಾಷಣದ ವಿಷಯ ಕೇಳಿ ಅವರಿಗೆ ಹುರುಪು ಬಂತು.

ಕಿಯಾಮತ್, ಅಂದರೆ ಸತ್ತವರೆಲ್ಲ ಏಳುವ ದಿನ, ಅವರ ಈಮಾನಿನ ಒಂದು ಕಂಬವೇ. ಮಣ್ಣಾದ ಎಲುಬಿಗೆ ಮತ್ತೆ ಜೀವವೇ ಎಂದು ನಕ್ಕ ಮೆಕ್ಕಾದವರಿಗೆ ಯಾಸೀನ್ ಸೂರಾದಲ್ಲಿ ಉತ್ತರವಿದೆಯಂತೆ: ಮೊದಲ ಸಲ ಮಾಡಿದವನಿಗೆ ಎರಡನೆಯ ಸಲ ಕಷ್ಟವೇ? ಮನುಷ್ಯನ ಮೈಯೆಲ್ಲ ಕರಗಿದರೂ ಬೆನ್ನೆಲುಬಿನ ತುದಿಯ ಮೂಳೆ ಕರಗುವುದಿಲ್ಲ, ಅದರಿಂದಲೇ ಮತ್ತೆ ಕೂಡಿಸಲಾಗುತ್ತದೆ ಎಂಬ ಹದೀಸನ್ನೂ ಹೇಳಿದರು. ಬುಖಾರಿ, ಮುಸ್ಲಿಂ ಎರಡು ಸಂಗ್ರಹಗಳಲ್ಲೂ ಇದೆ. ಯೆಹೂದ್ಯರ ಮಿದ್ರಾಶಿನಲ್ಲಿ ಇದರ ಅಣ್ಣನಂಥ ಕಥೆಯೊಂದಿದೆ ಎಂದೆ. ರೋಮಿನ ಚಕ್ರವರ್ತಿ ಹೇಡ್ರಿಯನ್, ದೇವರು ಮನುಷ್ಯನನ್ನು ಎಲ್ಲಿಂದ ಮತ್ತೆ ಚಿಗುರಿಸುತ್ತಾನೆ ಎಂದು ರಬ್ಬಿ ಯೆಹೋಶುವನನ್ನು ಕೇಳುತ್ತಾನೆ. ಬೆನ್ನೆಲುಬಿನ ಲೂಜ್ ಎಂಬ ಮೂಳೆಯಿಂದ ಅನ್ನುತ್ತಾನೆ ರಬ್ಬಿ. ಪರೀಕ್ಷೆ ನಡೆಯುತ್ತದೆ. ಬೀಸುವ ಕಲ್ಲಿಗೆ ಹಾಕಿದರೆ ಪುಡಿಯಾಗಲಿಲ್ಲ, ಬೆಂಕಿಯಲ್ಲಿ ಸುಡಲಿಲ್ಲ, ನೀರಿನಲ್ಲಿ ಕರಗಲಿಲ್ಲ, ಅಡಿಗಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಬಡಿದರೆ ಅಡಿಗಲ್ಲೇ ಸೀಳಿತು. ಹಾಜಿಯವರು ಮನಸಾರೆ ನಕ್ಕರು. ಕಥೆ ಅವರಿಗೆ ಪೂರ್ತಿ ಹಿಡಿಸಿತು.

ಪಾರ್ಸಿಗಳ ಪಹ್ಲವಿ ಗ್ರಂಥ ಬುಂದಹಿಷ್ನ್‌ನಲ್ಲಿ ಮೂಳೆಯೊಂದರ ಆಸರೆಯೂ ಬೇಕಿಲ್ಲ. ಎಲುಬನ್ನು ಭೂಮಿಯಿಂದ, ರಕ್ತವನ್ನು ನೀರಿನಿಂದ, ಕೂದಲನ್ನು ಗಿಡಗಳಿಂದ, ಜೀವವನ್ನು ಬೆಂಕಿಯಿಂದ ಕೇಳಿ ಪಡೆಯಲಾಗುತ್ತದೆ. ಆಮೇಲೆ ಎಲ್ಲರೂ ಕರಗಿದ ಲೋಹದಲ್ಲಿ ನಡೆಯಬೇಕು. ಒಳ್ಳೆಯವರಿಗೆ ಅದು ಬೆಚ್ಚನೆಯ ಹಾಲು. ದಖ್ಮೆಯಲ್ಲಿ ಹೆಣವನ್ನು ಹದ್ದುಗಳಿಗೆ ಬಿಡುವ ಜನರಿಗೆ, ಮೈ ಉಳಿಯದಿದ್ದರೆ ಏಳುವುದು ಹೇಗೆ ಎಂಬ ಚಿಂತೆ ಕಾಡಿಲ್ಲ. ಇದನ್ನು ಅಕ್ಕನಿಗೆ ಹೇಳಬೇಕು.

ಹೊರಡುವಾಗ ಅಪ್ಪನ ಬೆರಳಿನ ಸುದ್ದಿ ತೆಗೆದೆ. ಹಾಜಿಯವರು ತಕ್ಷಣ, “ಬೆರಳಿನ ತುದಿಯ ತನಕ ಸರಿಮಾಡುವ ಮಾತು ಕುರ್‌ಆನಿನಲ್ಲೇ ಇದೆ ಟೀಚರ್, ಅಲ್ ಕಿಯಾಮ ಸೂರಾದಲ್ಲಿ” ಅಂದರು. ಅಕ್ಕನಿಗೆ ಹೇಳಿದೆ. “ಅವರಿಗೂ ಗೊತ್ತುಂಟಲ್ಲ” ಅಂದಳು.

24 ಮಾರ್ಚ್, ಸೋಮವಾರ

1980ರಲ್ಲಿ ಇದೇ ದಿನ ಎಲ್ ಸಾಲ್ವಡಾರಿನಲ್ಲಿ ಆರ್ಚ್‌ಬಿಷಪ್ ಆಸ್ಕರ್ ರೊಮೆರೊ ಅವರನ್ನು ಪೂಜೆಯ ನಡುವೆಯೇ ಗುಂಡಿಟ್ಟು ಕೊಂದರು. ಭಾನುವಾರದ ಪ್ರಸಂಗದಲ್ಲಿ, ಆ ವಾರ ಕೊಲೆಯಾದವರ, ಕಾಣೆಯಾದವರ ಹೆಸರುಗಳನ್ನು ರೇಡಿಯೋದಲ್ಲಿ ಓದುತ್ತಿದ್ದ ಮನುಷ್ಯ. ಕಥೋಲಿಕ ಸಭೆ ಅವರನ್ನು ಸಂತರೆಂದು ಸಾರಿದ್ದು 2018ರಲ್ಲಿ. ಲ್ಯಾಟಿನ್ ಅಮೆರಿಕದಲ್ಲಿ ಇಂಥ ಸ್ಮರಣೆಗಳಲ್ಲಿ ಸತ್ತವರ ಹೆಸರು ಕೂಗುತ್ತಾರೆ. ಕೂಡಿದ ಜನ “ಪ್ರೆಸೆಂತೆ” ಎಂದು ಉತ್ತರ ಕೊಡುತ್ತಾರೆ. ಹಾಜರ್! ಜೀವಮಾನವಿಡೀ ಹಾಜರಿ ಕರೆದವಳು ನಾನು. ಇಲ್ಲದವನ ಪರವಾಗಿ ಇನ್ನೊಬ್ಬ ಕೂಗಿದರೆ ಗದರುತ್ತಿದ್ದೆ.

27 ಮಾರ್ಚ್, ಗುರುವಾರ

ಮಾಮಿಯ ಮಣ್ಣು ಆಯಿತು. ಒಳ್ಳೆಯ ವಯಸ್ಸು, ನಿದ್ದೆಯಲ್ಲಿ ಹೋದರು.

ನಮ್ಮ ಸಮಾಧಿ ತೋಟದಲ್ಲಿ ಹೊಸ ಜಾಗವಿಲ್ಲ. ಮಾವನ ಗೋರಿಯನ್ನೇ ತೆರೆದರು. ಅಗೆಯುವವನು ಬೆಳಿಗ್ಗೆ ಏಳಕ್ಕೇ ಬಂದಿದ್ದ. ಮನೆಯವರು ಯಾರಾದರೂ ನಿಂತಿರಬೇಕು ಅಂದದ್ದಕ್ಕೆ ನಾನು ನಿಂತೆ. ಮುರಕಲ್ಲಿನ ಕೆಂಪು ಮಣ್ಣು, ನಮ್ಮ ಮಳೆ. ಮೂವತ್ತು ಚಿಲ್ಲರೆ ವರ್ಷದಲ್ಲಿ ಪೆಟ್ಟಿಗೆಯ ಹಲಗೆ ಕಪ್ಪು ಗೆರೆಯಾಗಿ ಉಳಿದಿತ್ತು, ಅಷ್ಟೇ. ತುಕ್ಕು ಹಿಡಿದ ಒಂದು ಹಿಡಿಕೆ ಸಿಕ್ಕಿತು. ತೊಡೆಯ ಎಲುಬುಗಳು, ತಲೆಬುರುಡೆಯ ಮೇಲ್ಭಾಗ, ಕೆಲವು ಹಲ್ಲು. ಎದೆಯ ಜಾಗದಲ್ಲಿ ಟೆರಿಲಿನ್ ಅಂಗಿಯ ಬಿಳಿ ಗುಂಡಿಗಳು, ಒಂದರ ಕೆಳಗೆ ಒಂದು, ಯಾರೋ ಈಗಷ್ಟೇ ಸಾಲಾಗಿ ಜೋಡಿಸಿಟ್ಟಂತೆ. ಅಗೆಯುವವನು ಎಲುಬುಗಳನ್ನು ಕೈಯಲ್ಲೇ ಮಣ್ಣು ಒರೆಸಿ ತೆಗೆದ, ಬಿಳಿ ಬಟ್ಟೆಯಲ್ಲಿ ಕಟ್ಟಿದ, ಕಾಲಿನ ಬದಿಗೆ ಇನ್ನೊಂದು ಮೊಳ ಆಳ ತೋಡಿ ಇಟ್ಟ. “ಗುಂಡಿ ಏನು ಮಾಡುವುದು ಅಮ್ಮ?” ಎಂದು ಕೇಳಿದ. ಅದನ್ನೂ ಒಳಗಿಡು ಅಂದೆ.

ಮಧ್ಯಾಹ್ನ ಮಾಮಿಯ ಪೆಟ್ಟಿಗೆಯನ್ನು ಅದರ ಮೇಲೆ ಇಳಿಸಿದರು, ಕಾಲು ಪೂರ್ವಕ್ಕೆ. ಕ್ರಿಸ್ತ ಬರುವುದು ಮೂಡಲಿಂದ, ಎದ್ದು ಕೂತವರಿಗೆ ಎದುರಿಗೇ ಕಾಣಬೇಕು ಎಂದು ಹಳಬರ ಕ್ರಮ. ಮುಸ್ಲಿಮರು ಬಲಮಗ್ಗುಲಿಗೆ ಮಲಗಿಸಿ ಮುಖವನ್ನು ಕಿಬ್ಲಾದ ಕಡೆ ತಿರುಗಿಸುತ್ತಾರೆ. ಜೆರುಸಲೇಮಿನ ಕಿದ್ರೋನ್ ಕಣಿವೆಯ ಒಂದು ಮಗ್ಗುಲಲ್ಲಿ, ಎಣ್ಣೆಮರಗಳ ಗುಡ್ಡದ ಮೇಲೆ, ಯೆಹೂದ್ಯರ ಸಾವಿರ ಸಾವಿರ ಗೋರಿಗಳಿವೆ. ಎದುರಿನ ಮಗ್ಗುಲಲ್ಲಿ, ಮುಚ್ಚಿದ ಚಿನ್ನದ ಬಾಗಿಲ ಬುಡದಲ್ಲಿ ಮುಸ್ಲಿಮರ ಗೋರಿಗಳು. ಎರಡು ಕಡೆಯವರೂ ಕಾಯುತ್ತಿರುವುದು ಒಂದೇ ದಿನವನ್ನು. ಅಂತಿಮ ನ್ಯಾಯತೀರ್ಪು ಆ ಕಣಿವೆಯಲ್ಲೇ ಎಂದು ಹಳೆಯ ನಂಬಿಕೆ.

3 ಏಪ್ರಿಲ್, ಗುರುವಾರ

ನಮ್ಮ ಮನೆತನ ಕ್ರೈಸ್ತರಾದದ್ದು ಬಾಸೆಲ್ ಮಿಶನ್ನಿನ ಕಾಲದಲ್ಲಿ. ಮಿಶನರಿಗಳಲ್ಲಿ ಬಹಳ ಮಂದಿ ಜರ್ಮನಿಯ ವುರ್ಟೆಂಬರ್ಗಿನವರು. ಆ ಸೀಮೆಯ ಭಕ್ತರ ಮೇಲೆ ಯೋಹಾನ್ ಆಲ್ಬ್ರೆಕ್ಟ್ ಬೆಂಗೆಲ್ ಎಂಬ ಪಂಡಿತನ ಪ್ರಭಾವ ದೊಡ್ಡದು. 1752ರಲ್ಲಿ ತೀರಿಕೊಂಡ ಈ ಬೆಂಗೆಲ್, ಪ್ರಕಟನೆ ಪುಸ್ತಕದ ಅಂಕಿಗಳನ್ನು ಕೂಡಿಸಿ ಕಳೆದು, ಸಾವಿರ ವರ್ಷದ ರಾಜ್ಯ 1836ರಲ್ಲಿ ಶುರುವಾಗುತ್ತದೆ ಎಂದು ಲೆಕ್ಕ ಹಾಕಿದ್ದ. ಮಿಶನ್ ಮಂಗಳೂರಿಗೆ ಬಂದದ್ದು 1834ರಲ್ಲಿ. ವುರ್ಟೆಂಬರ್ಗಿನ ಹೆರ್ಮನ್ ಮೋಗ್ಲಿಂಗ್ ಇಲ್ಲಿ ಇಳಿದದ್ದು ಸರಿಯಾಗಿ 1836ರಲ್ಲಿ. ಸತ್ತವರು ಏಳಲಿಲ್ಲ. ಮೋಗ್ಲಿಂಗ್ ಕನ್ನಡ ಕಲಿತು, 1843ರಲ್ಲಿ ‘ಮಂಗಳೂರು ಸಮಾಚಾರ’ ಹೊರಡಿಸಿದ. ಸಾವಿರ ವರ್ಷದ ರಾಜ್ಯ ಶುರುವಾಗಬೇಕಾಗಿದ್ದ ವರ್ಷ ದಾಟಿದ ಮೇಲೆ ಕನ್ನಡಕ್ಕೆ ಮೊದಲ ಪತ್ರಿಕೆ ಬಂತು. ಆ ಲೆಕ್ಕ ಸರಿಯಾಗದಿದ್ದುದು ನಮ್ಮ ಪುಣ್ಯ.

10 ಏಪ್ರಿಲ್, ಗುರುವಾರ

ಅಣ್ಣ, ಅಕ್ಕ ಫೋನಿನಲ್ಲಿ ಮತ್ತೆ ಜಗಳ, ತುಳುವಿನಲ್ಲಿ, ಹಾಗಾಗಿ ಜೋರು. ಕತ್ತರಿಸಿ ಹಂಚಿದ ಮೈ ಏಳುವುದು ಹೇಗೆ ಎಂಬುದೇ ಅಕ್ಕನ ವಾದ. ಕೊಲೆಗಾರರ ಹೆಣವನ್ನು ಕತ್ತರಿಸಲು ಕೊಡಬೇಕೆಂದು 1752ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ಕಾನೂನು ಮಾಡಿದ್ದೂ ಈ ಭಯದ ಬಲದ ಮೇಲೆಯೇ: ನೇಣಿಗಿಂತ ಹೆಚ್ಚಿನ ಶಿಕ್ಷೆ ಬೇಕಿತ್ತು. 1832ರ ಕಾಯ್ದೆ ಬಂದ ಮೇಲೆ ಆ ಪಾಳಿ ಕೊಲೆಗಾರರಿಂದ ಬಡವರಿಗೆ ಬಂತು. ವಾರಸುದಾರರಿಲ್ಲದೆ ವರ್ಕ್‌ಹೌಸಿನಲ್ಲಿ ಸತ್ತವರ ಹೆಣಗಳು ಕಾಲೇಜಿಗೆ. ಬಡವರು ದಂಗೆಯೆದ್ದದ್ದರಲ್ಲಿ ಆಶ್ಚರ್ಯವಿಲ್ಲ.

ಅಕ್ಕನ ವಾದಕ್ಕೆ ಹಳೆಯ ಉತ್ತರ ಫ್ರಾನ್ಸಿನ ಲಿಯೋನಿನಲ್ಲಿದೆ. 177ರಲ್ಲಿ ಅಲ್ಲಿ ಕ್ರೈಸ್ತರನ್ನು ಕೊಂದವರು, ಇವರಿಗೆ ಏಳುವ ಆಸೆಯೂ ಉಳಿಯಬಾರದೆಂದು ಹೆಣಗಳನ್ನು ಸುಟ್ಟು ಬೂದಿಯನ್ನು ರೋನ್ ನದಿಗೆ ಗುಡಿಸಿ ಹಾಕಿದರು. ಸಭೆಯ ಚರಿತ್ರೆಕಾರ ಯುಸೇಬಿಯಸ್ ಇದನ್ನು ಬರೆದಿಟ್ಟಿದ್ದಾನೆ. ಆ ಸಭೆಯವರು ಅದರಿಂದ ನಂಬಿಕೆ ಬಿಡಲಿಲ್ಲ. ಕಥೋಲಿಕ ಸಭೆ ದಹನಕ್ಕೆ ಒಪ್ಪಿಗೆ ಕೊಟ್ಟದ್ದು 1963ರಲ್ಲಿ, ಬೂದಿಯನ್ನು ಚೆಲ್ಲಬಾರದು ಎಂದು 2016ರಲ್ಲಿ ಮತ್ತೆ ಬಿಗಿ ಮಾಡಿತು. ನಾವು ಪ್ರೊಟೆಸ್ಟೆಂಟರು ಇಂಥದ್ದನ್ನು ಬರೆದು ಹೇಳುವವರಲ್ಲ, ಗೊಣಗಿ ಹೇಳುವವರು.

ಇಂಥ ಪ್ರಶ್ನೆಗಳನ್ನೆಲ್ಲ ಸಂತ ಅಗಸ್ಟೀನ್ ‘ದೇವನಗರ’ದ ಕೊನೆಯ ಭಾಗದಲ್ಲಿ ಕೂತು ಬಿಡಿಸಿದ್ದಾನೆ. ಕತ್ತರಿಸಿ ಬಿಸಾಡಿದ ಉಗುರು, ಕೂದಲು ಏನಾಗುತ್ತವೆ? ಮನುಷ್ಯನನ್ನು ಮನುಷ್ಯ ತಿಂದರೆ ಆ ಮಾಂಸ ಯಾರದ್ದು? ಮೊದಲು ಯಾರದ್ದಾಗಿತ್ತೋ ಅವರದ್ದು ಎಂಬುದು ಅವನ ತೀರ್ಪು. ಹೆಂಗಸರು ಗಂಡಸರಾಗಿ ಏಳುತ್ತಾರೆ ಅನ್ನುವವರಿಗೆ, ಇಲ್ಲ, ಹೆಂಗಸರಾಗಿಯೇ ಏಳುತ್ತಾರೆ ಎಂದು ಉತ್ತರ ಕೊಟ್ಟ. ಅದಕ್ಕೊಂದು ನಮಸ್ಕಾರ. ಹುತಾತ್ಮರ ಗಾಯದ ಗುರುತುಗಳು ಮಾತ್ರ ಏಳುವ ಮೈಯಲ್ಲೂ ಉಳಿಯಬಹುದು, ಅವು ಕುಂದಲ್ಲ, ಅವರ ಮರ್ಯಾದೆ ಅನ್ನುತ್ತಾನೆ. ಕಡಿದ ಅಂಗಗಳಂತೂ ಮರಳಿ ಬರುತ್ತವಂತೆ, ಗುರುತಿನ ಸಮೇತ.

12 ಏಪ್ರಿಲ್, ಶನಿವಾರ

ಮಾತಾಡಿ ಬಂದೆ. ಗಂಟಲು ಕಟ್ಟಿದೆ. ಹುಡುಗರು ಮೊಬೈಲು ಮುಟ್ಟದೆ ಕೇಳಿದರು, ಅಥವಾ ನನಗೆ ಕಾಣದಂತೆ ಮುಟ್ಟಿದರು.

ಸಾಫ್ಟ್‌ವೇರಿನ ಹುಡುಗನೊಬ್ಬ ಹೆಪ್ಪುಗಟ್ಟಿಸಿಟ್ಟವರ ಬಗ್ಗೆ ಕೇಳಿದ. 1967ರ ಜನವರಿಯಲ್ಲಿ ಸತ್ತ ಅಮೆರಿಕದ ಜೇಮ್ಸ್ ಬೆಡ್‌ಫರ್ಡ್ ಇನ್ನೂ ಅರಿಜೋನಾದಲ್ಲಿ ದ್ರವ ಸಾರಜನಕದಲ್ಲಿದ್ದಾನೆ ಎಂದೆ. ಅದಕ್ಕಿಂತ ನನಗೆ ಇಷ್ಟವಾದವನು ಮಾಸ್ಕೋದ ಗ್ರಂಥಪಾಲಕ ನಿಕೊಲಾಯ್ ಫ್ಯೋದರೊವ್. ವಿಜ್ಞಾನದ ನಿಜವಾದ ಕೆಲಸ ಸತ್ತ ತಂದೆತಾಯಿಯರನ್ನೆಲ್ಲ ಎಬ್ಬಿಸುವುದು ಎಂದು 1903ರಲ್ಲಿ ಸಾಯುವ ತನಕ ನಂಬಿದ್ದ. ಅಷ್ಟು ಜನರಿಗೆ ಭೂಮಿಯಲ್ಲಿ ಜಾಗ ಸಾಲದು, ಹಾಗಾಗಿ ಆಕಾಶಕ್ಕೂ ಹೋಗಬೇಕು. ರಾಕೆಟ್ಟಿನ ಲೆಕ್ಕ ಬರೆದ ಸಿಯೋಲ್ಕೊವ್‌ಸ್ಕಿ ಹುಡುಗನಾಗಿದ್ದಾಗ ಇವನ ಗ್ರಂಥಾಲಯದಲ್ಲೇ ಓದುತ್ತಿದ್ದ. ಬೆಡ್‌ಫರ್ಡಿಗೆ ತಾನು ಏಳಬೇಕು, ಫ್ಯೋದರೊವ್‌ಗೆ ಅಪ್ಪಂದಿರು ಏಳಬೇಕು. ಇಬ್ಬರನ್ನೂ ಒಂದೇ ಸಾಲಿನಲ್ಲಿ ಕೂರಿಸಬೇಡಿ ಎಂದು ಹುಡುಗರಿಗೆ ಹೇಳಿದೆ.

ಒಬ್ಬಳು ಕೇಳಿದಳು, “ಸಾವಿತ್ರಿ ಸತ್ಯವಾನನನ್ನು ತಂದಳಲ್ಲ ಟೀಚರ್, ಅದೂ ಇದೇ ಅಲ್ಲವಾ?” ಅಲ್ಲ. ಸತ್ಯವಾನನೂ ಲಾಜರನೂ ಎದ್ದು ಬಂದರು, ಮುಂದೊಂದು ದಿನ ಮತ್ತೆ ಸತ್ತರು. ಒಬ್ಬರಿಗೆ ಸಿಕ್ಕಿದ ವಾಯಿದೆ ಅದು. ನಾನು ಹೇಳುತ್ತಿದ್ದುದು ಎಲ್ಲರನ್ನೂ ಒಂದೇ ಅಂಗಳಕ್ಕೆ ಕರೆಯುವ ದಿನದ ಬಗ್ಗೆ: ಕೊಂದವನೂ, ಸತ್ತವನೂ.

18 ಏಪ್ರಿಲ್, ಶುಭ ಶುಕ್ರವಾರ

ಮೂರು ಗಂಟೆಯ ಆರಾಧನೆ. ಸೆಕೆ. ಅಕ್ಕ ಪೂರ್ತಿ ಉಪವಾಸ, ಹೇಳಿದರೆ ಕೇಳುವುದಿಲ್ಲ.

20 ಏಪ್ರಿಲ್, ಪುನರುತ್ಥಾನದ ಭಾನುವಾರ

ನಸುಕಿಗೆ ಸಮಾಧಿ ತೋಟದಲ್ಲಿ ಆರಾಧನೆ. ಮಾಮಿಯ ಗೋರಿಯ ಮಣ್ಣು ಇನ್ನೂ ಕುಸಿದಿಲ್ಲ. ಕಲ್ಲು ಕೂರಿಸುವುದು ಮಳೆಗಾಲ ಕಳೆದ ಮೇಲೆ. ಈ ವರ್ಷ ಪೂರ್ವದ ಸಭೆಗಳಿಗೂ ಪಶ್ಚಿಮದವರಿಗೂ ಈಸ್ಟರ್ ಒಂದೇ ದಿನ. ಮನೆಗೆ ಬಂದು ಅಪ್ಪಂ, ಕೋಳಿ ಸುಕ್ಕ. ಹಾಜಿಯವರ ಮನೆಗೂ ಒಂದು ಡಬ್ಬಿ ಹೋಯಿತು.

21 ಏಪ್ರಿಲ್, ಸೋಮವಾರ

ಪೋಪ್ ಫ್ರಾನ್ಸಿಸ್ ತೀರಿಕೊಂಡರು. ನಿನ್ನೆಯಷ್ಟೇ ಟೀವಿಯಲ್ಲಿ ಜನರಿಗೆ ಆಶೀರ್ವಾದ ಕೊಡುವುದನ್ನು ನೋಡಿದ್ದೆವು. ಎದುರುಮನೆಯ ಬಾಯಿ ಅಳುತ್ತಿದ್ದರು. ಬೈಬಲ್ ಮರಳಿಸುವ ನೆವದಲ್ಲಿ ಹೋಗಿ ಸ್ವಲ್ಪ ಹೊತ್ತು ಕೂತು ಬಂದೆ.

27 ಏಪ್ರಿಲ್, ಭಾನುವಾರ

ಅಣ್ಣ ನಿನ್ನೆ ರಾತ್ರಿ ಬಸ್ಸಿಗೆ ಬಂದ. ಈಸ್ಟರಿನ ಮುಂದಿನ ಭಾನುವಾರ, ಪಾಠ ತೋಮನದ್ದು. ಎದ್ದು ಬಂದ ಯೇಸುವಿನ ಕೈಯಲ್ಲಿ ಮೊಳೆಯ ಗಾಯ ಹಾಗೇ ಇದೆ. ಗಾಯ ನೋಡಿದ ಮೇಲೆಯೇ ತೋಮನಿಗೆ ಗುರುತು ಸಿಕ್ಕುವುದು. ಕೊಂದವರು ಮಾಡಿದ್ದನ್ನು ಪುನರುತ್ಥಾನ ಅಳಿಸಿಹಾಕಲಿಲ್ಲ.

ಊಟವಾದ ಮೇಲೆ ಅಣ್ಣ ಫಾರಂ ಮೇಜಿನ ಮೇಲಿಟ್ಟ. ಅಕ್ಕ ಕನ್ನಡಕ ಹಾಕಿಕೊಂಡು ಒಂದೊಂದು ಸಾಲೂ ಓದಿದಳು. ಆಮೇಲೆ ಕೇಳಿದಳು: “ನಿನಗೆ ನಂಬಿಕೆ ಇಲ್ಲದಿದ್ದರೆ ಇಲ್ಲ. ಅಪ್ಪನಿಗೆ ಬೆರಳು ವಾಪಸು ಬರುವುದೂ ಬೇಡವಾ ನಿನಗೆ?”

ಅಣ್ಣ ತುಸು ಹೊತ್ತು ಸುಮ್ಮನಿದ್ದ. “ಬರಲಿ ಅಕ್ಕ. ಆದರೆ ಕೂಡಲೇ ಬೇಡ. ಆವತ್ತು ಪ್ರೆಸ್ಸಿಗೆ ಗಾರ್ಡ್ ಬೇಡ, ಖರ್ಚು ಅಂದವನೂ ಏಳ್ತಾನಲ್ಲ. ಅವನು ಆ ಕೈ ನೋಡಲಿ. ಆಮೇಲೆ ಬೆರಳು ಬರಲಿ.”

ನಂಬಿಕೆಯಿಲ್ಲದವನ ಬಾಯಲ್ಲಿ ಮಕ್ಕಬಿಯರ ಏಳನೆಯ ಅಧ್ಯಾಯ ಕೇಳಿದೆ. ಯುವಜನ ಕೂಟದಲ್ಲಿ ಒಂದು ಗಂಟೆ ಮಾತಾಡಿ ನಾನು ಇಷ್ಟು ಚೆನ್ನಾಗಿ ಹೇಳಿರಲಿಲ್ಲ.

ಹತ್ತಿರದ ಸಂಬಂಧಿ ಎಂದಿರುವಲ್ಲಿ ನಾನು ಸಹಿ ಹಾಕಿದೆ. ಅಕ್ಕ ಹಾಕಲಿಲ್ಲ. ಅವಳ ಜಾಗದಲ್ಲಿ ಅಣ್ಣನ ಮಗ ಬೆಂಗಳೂರಿನಲ್ಲಿ ಹಾಕುತ್ತಾನಂತೆ.